ಸ್ಟೋರಿ ಆಫ್ ಸೀಸನ್ಸ್: ಯಾವ ಹೊಲದಿಂದ ಶುರು ಮಾಡೋಣ?

ಕೃಷಿ ಆಟ ಆಡೋಣ ಅಂತ ಹೊರಟು ‘ಹಾರ್ವೆಸ್ಟ್ ಮೂನ್’ ಎಂದು ಹುಡುಕಿದವರು ಮೊದಲು ಎಡವುವುದು ಹೆಸರಿನಲ್ಲೇ. ಆ ಹೆಸರಿನಲ್ಲಿ ಹತ್ತಾರು ಆಟಗಳು ಸಿಗುತ್ತವೆ. ಎಲ್ಲದರಲ್ಲೂ ಒಂದು ಹೊಲ, ಒಂದು ಹಸು, ಒಂದು ಪುಟ್ಟ ಊರು. ಆದರೆ 2014ರಿಂದ ಈಚೆಗೆ ಆ ಹೆಸರಿನಲ್ಲಿ ಬಂದ ಹೊಸ ಆಟಗಳನ್ನು ಮಾಡಿದವರು ಬೇರೆ, ಅದಕ್ಕೂ ಹಿಂದಿನವನ್ನು ಮಾಡಿದವರು ಬೇರೆ. ಮೂಲ ಸರಣಿ ಇವತ್ತು ‘ಸ್ಟೋರಿ ಆಫ್ ಸೀಸನ್ಸ್’ ಎಂಬ ಹೆಸರಿನಲ್ಲಿದೆ. ಇದು ಗೊತ್ತಿಲ್ಲದೆ ದುಡ್ಡು ಕೊಟ್ಟರೆ, ‘ಎಲ್ಲರೂ ಹೊಗಳುವ ಆಟ ಇದೇನಾ?’ ಅಂತ ಬೇಸರವಾಗುತ್ತದೆ.

ಹೆಸರಿನ ಗೊಂದಲ ಬಗೆಹರಿದ ಮೇಲೂ ಆಯ್ಕೆ ಸುಲಭವಲ್ಲ. ಯಾವುದು ಹೊಸದು, ಯಾವುದರ ಗ್ರಾಫಿಕ್ಸ್ ಚೆನ್ನಾಗಿದೆ ಎಂದು ಕೇಳಿ ಆರಿಸಿಕೊಂಡರೆ ಈ ಸರಣಿಯಲ್ಲಿ ಪ್ರಯೋಜನವಿಲ್ಲ. ಎಲ್ಲದರಲ್ಲೂ ಬಿತ್ತುತ್ತೀರಿ, ನೀರು ಹಾಕುತ್ತೀರಿ, ಕೊಯ್ಯುತ್ತೀರಿ, ದನ ಸಾಕುತ್ತೀರಿ, ಊರಿನವರ ಸ್ನೇಹ ಮಾಡುತ್ತೀರಿ, ಮದುವೆ ಆಗುತ್ತೀರಿ. ವ್ಯತ್ಯಾಸ ಇರುವುದು ಸಮಯದಲ್ಲಿ. ಆಟದೊಳಗಿನ ಒಂದು ದಿನ ಎಷ್ಟು ಬೇಗ ಮುಗಿಯುತ್ತದೆ? ಅದು ನಿಮ್ಮಿಂದ ಏನು ಕೇಳುತ್ತದೆ? ವರ್ಷಗಳು ಉರುಳಿದರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಆರಿಸಿದರೆ ನಿಮಗೆ ಸರಿಹೊಂದುವ ಆಟ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಎರಡು ಹೆಸರು ಯಾಕೆ ಬಂತು

ಸರಣಿಯ ಹುಟ್ಟು ಜಪಾನಿನಲ್ಲಿ. ಅಲ್ಲಿ ಇದರ ಹೆಸರು ‘ಬೊಕುಜೋ ಮೊನೊಗತಾರಿ’. ಮೊದಲ ಆಟ 1996ರ ಆಗಸ್ಟ್ 9ರಂದು ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಬಂತು. ಇದನ್ನು ಕಲ್ಪಿಸಿದವರು ಯಾಸುಹಿರೊ ವಾಡಾ. ಅವರು ಬೆಳೆದದ್ದು ಕ್ಯೂಷು ದ್ವೀಪದ ಹಳ್ಳಿಗಾಡಿನಲ್ಲಿ. ಕೆಲಸಕ್ಕೆಂದು ಟೋಕಿಯೊ ಸೇರಿದ ಮೇಲೆ ಬಿಟ್ಟುಬಂದ ಹಳ್ಳಿ ಅವರನ್ನು ಕಾಡತೊಡಗಿತು. ಹೊಡೆದಾಟ ಇಲ್ಲದ, ಆದರೂ ಮನಸ್ಸು ಹಿಡಿದಿಡುವ ಒಂದು ಆಟ ಬೇಕು ಅನ್ನಿಸಿತು. ಆಗಿನ ಆಟಗಳಲ್ಲಿ ಕತ್ತಿ, ಬಂದೂಕು, ರಾಕ್ಷಸರೇ ಜಾಸ್ತಿ. ಅಂಥ ಹೊತ್ತಿನಲ್ಲಿ ಹಸುವಿನ ಮೈ ಉಜ್ಜುವುದನ್ನೇ ಆಟ ಮಾಡುತ್ತೇನೆ ಎಂದು ಹೊರಡಲು ದೊಡ್ಡ ಧೈರ್ಯ ಬೇಕು. ಇವತ್ತು ಕೃಷಿ ಆಟ ಅನ್ನುವುದೇ ಒಂದು ದೊಡ್ಡ ಬಗೆಯಾಗಿ ಬೆಳೆದಿದೆ. ಅದರ ಬೇರು ಈ ಧೈರ್ಯದಲ್ಲಿದೆ.

ಮೊದಲ ಆಟ ಬರುವ ಹೊತ್ತಿಗೆ ಅದೇ ಕಂಪನಿಯ ಮುಂದಿನ ಯಂತ್ರ ನಿಂಟೆಂಡೊ 64 ಜಪಾನಿನಲ್ಲಿ ಆಗಲೇ ಬಿಡುಗಡೆ ಆಗಿತ್ತು. ಅಂದರೆ ಹಳೆಯದಾಗುತ್ತಿದ್ದ ಯಂತ್ರಕ್ಕೆ ಬಂದ ಆಟ ಇದು. ಆದರೂ ನಿಂತಿತು. ಮೊದಲು ಪ್ರಕಟಿಸಿದ್ದು ಪ್ಯಾಕ್-ಇನ್-ವಿಡಿಯೊ ಎಂಬ ಕಂಪನಿ. ಅದು ಮುಂದೆ ವಿಕ್ಟರ್ ಇಂಟರಾಕ್ಟಿವ್ ಆಯಿತು. 2003ರಲ್ಲಿ ಸರಣಿ ಮಾರ್ವಲಸ್ ಕಂಪನಿಯ ಕೈಗೆ ಬಂತು. ಇವತ್ತಿಗೂ ಅಲ್ಲೇ ಇದೆ.

ಅಮೆರಿಕದಲ್ಲಿ ಈ ಆಟಗಳನ್ನು ಇಂಗ್ಲಿಷಿಗೆ ತಂದು ಮಾರುತ್ತಿದ್ದದ್ದು ನಾಟ್ಸುಮೆ ಎಂಬ ಇನ್ನೊಂದು ಕಂಪನಿ. ‘ಹಾರ್ವೆಸ್ಟ್ ಮೂನ್’ ಅನ್ನುವ ಹೆಸರು 1997ರಲ್ಲಿ ಬಂದದ್ದು ಅವರಿಂದ. ಹೆಸರಿನ ಹಕ್ಕೂ ಅವರದೇ. ಮುಂದೆ ಮಾರ್ವಲಸ್ ತನ್ನದೇ ಅಂಗಸಂಸ್ಥೆಯಾದ ಎಕ್ಸ್‌ಸೀಡ್ ಮೂಲಕ ಅಮೆರಿಕದಲ್ಲಿ ಮಾರಲು ತೀರ್ಮಾನಿಸಿತು. ಆಟ ಮಾರ್ವಲಸ್ ಬಳಿ ಉಳಿಯಿತು, ಹೆಸರು ನಾಟ್ಸುಮೆ ಬಳಿ ಉಳಿಯಿತು. ಹಾಗಾಗಿ 2015ರಲ್ಲಿ ಅಮೆರಿಕಕ್ಕೆ ಬಂದ ಮೂಲ ಸರಣಿಯ ಆಟಕ್ಕೆ ‘ಸ್ಟೋರಿ ಆಫ್ ಸೀಸನ್ಸ್’ ಎಂದು ಹೊಸ ಹೆಸರಿಡಬೇಕಾಯಿತು. ನಾಟ್ಸುಮೆ ಸುಮ್ಮನೆ ಕೂರಲಿಲ್ಲ. 2014ರಲ್ಲಿ ‘ದಿ ಲಾಸ್ಟ್ ವ್ಯಾಲಿ’ಯಿಂದ ಶುರು ಮಾಡಿ ‘ಲೈಟ್ ಆಫ್ ಹೋಪ್’, ‘ಒನ್ ವರ್ಲ್ಡ್’, ‘ದಿ ವಿಂಡ್ಸ್ ಆಫ್ ಆಂಥೋಸ್’ ಎಂದು ಹಾರ್ವೆಸ್ಟ್ ಮೂನ್ ಹೆಸರಿನಲ್ಲೇ ತನ್ನ ಆಟಗಳನ್ನು ತರುತ್ತಾ ಬಂತು.

ನಾಟ್ಸುಮೆಯ ಆಟಗಳು ಪೂರ್ತಿ ಕೈಬಿಡಬೇಕಾದವು ಅಂತ ನಾನು ಹೇಳುವುದಿಲ್ಲ. 2021ರ ‘ಒನ್ ವರ್ಲ್ಡ್’ನಲ್ಲಿ ಬೀಜಗಳನ್ನು ಬಹುಪಾಲು ಅಂಗಡಿಯಿಂದ ಕೊಳ್ಳುವುದಿಲ್ಲ, ಊರೂರು ಸುತ್ತಿ ಪುಟ್ಟ ದೇವತೆಗಳಿಂದ ಪಡೆಯುತ್ತೀರಿ. 2023ರ ‘ಆಂಥೋಸ್’ ಇನ್ನೂ ದೊಡ್ಡ ನಾಡು. ಅಲೆದಾಟ ಇಷ್ಟಪಡುವವರಿಗೆ ಅದು ಹಿಡಿಸಬಹುದು. ಆದರೆ ಊರಿನ ಜನ ಮನಸ್ಸಿಗೆ ಹತ್ತಿರ ಆಗುವುದು ಈ ಸರಣಿಯ ಜೀವಾಳ. ಆ ವಿಷಯದಲ್ಲಿ ಅವು ಮೂಲದ ಹತ್ತಿರ ಬರಲಿಲ್ಲ. ಶುರು ಮಾಡುವವರಿಗೆ ನಾನು ಅವನ್ನು ಸೂಚಿಸುವುದಿಲ್ಲ.

ಮೊದಲ ಆಟ ಇವತ್ತು ಆಡಬಹುದಾ?

1996ರ ಆಟದಲ್ಲಿ ಬೆಳೆ ನಾಲ್ಕೇ. ವಸಂತದಲ್ಲಿ ಟರ್ನಿಪ್ (ಮೂಲಂಗಿಯಂಥ ಗಡ್ಡೆ) ಮತ್ತು ಆಲೂಗಡ್ಡೆ, ಬೇಸಿಗೆಯಲ್ಲಿ ಮೆಕ್ಕೆಜೋಳ ಮತ್ತು ಟೊಮೇಟೊ. ಶರತ್ಕಾಲದಲ್ಲೂ ಚಳಿಗಾಲದಲ್ಲೂ ಹೊಲದಲ್ಲಿ ಏನೂ ಬೆಳೆಯುವಂತಿಲ್ಲ. ಸಂಪಾದನೆಗೆಂದು ಸಾಕಲು ಕೋಳಿ ಮತ್ತು ಹಸು, ಅಷ್ಟೇ. ಒಂದು ಹೊತ್ತಿಗೆ ಎರಡೇ ಸಲಕರಣೆ ಹಿಡಿದುಕೊಳ್ಳಬಹುದು. ಗುದ್ದಲಿ ಮತ್ತು ಬೀಜ ತೆಗೆದುಕೊಂಡು ಹೋದರೆ ನೀರಿನ ಕ್ಯಾನಿಗೆ ಮತ್ತೆ ವಾಪಸ್ ಓಡಬೇಕು. ಸಂಜೆ 6 ಆದ ಮೇಲೆ ಗಡಿಯಾರ ನಿಲ್ಲುತ್ತದೆ. ನೀವು ಮಲಗುವವರೆಗೂ ರಾತ್ರಿ ಮುಂದೆ ಸರಿಯುವುದಿಲ್ಲ. ಮೈಯಲ್ಲಿ ಶಕ್ತಿ ಇರುವವರೆಗೆ ಕಲ್ಲು ಒಡೆಯಬಹುದು, ಕಳೆ ಕೀಳಬಹುದು. ಎರಡೂವರೆ ವರ್ಷ ಆದ ಮೇಲೆ ತಂದೆತಾಯಿ ಬಂದು ಹೊಲ ನೋಡುತ್ತಾರೆ, ಅಲ್ಲಿಗೆ ಆಟ ಮುಗಿಯುತ್ತದೆ.

ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಬೇಲಿ. ದನವನ್ನು ಹೊರಗೆ ಬಿಟ್ಟಿದ್ದು ಬೇಲಿ ಮುರಿದಿದ್ದರೆ ರಾತ್ರಿ ಕಾಡುನಾಯಿಗಳು ಬರುತ್ತವೆ. ಬಿರುಗಾಳಿ ಬಂದರೆ ಬೆಳೆ ಹೋಗುತ್ತದೆ. ಅಷ್ಟು ಹಳೆಯ, ಅಷ್ಟು ಚಿಕ್ಕ ಆಟದಲ್ಲಿ ರೈತನ ಭಯವನ್ನೂ ಸೇರಿಸಿದ್ದಾರೆ. ಆದರೂ ಇದನ್ನು ಮೊದಲಿಗೆ ಆಡಬೇಡಿ. ಸರಣಿಯ ಮೇಲೆ ಪ್ರೀತಿ ಹುಟ್ಟಿದ ಮೇಲೆ, ಎಲ್ಲಿಂದ ಬಂತು ಎಂದು ತಿಳಿಯುವ ಆಸೆಯಿಂದ ಆಡಿ. ಆಗ ಇದರ ಬಡತನವೇ ಚೆಂದ ಅನ್ನಿಸುತ್ತದೆ.

ಮಿನರಲ್ ಟೌನ್: ಮೊದಲ ಸಲ ಆಡುವವರಿಗೆ

1999ರಲ್ಲಿ ಪ್ಲೇಸ್ಟೇಷನ್‌ಗೆ ‘ಬ್ಯಾಕ್ ಟು ನೇಚರ್’ ಬಂತು. ತಾತ ತೀರಿಕೊಂಡಿದ್ದಾರೆ, ಅವರ ಹೊಲ ಪಾಳುಬಿದ್ದಿದೆ. ಮೂರು ವರ್ಷ ಕೊಡುತ್ತೇವೆ, ಅಷ್ಟರಲ್ಲಿ ಹೊಲ ಎತ್ತಿ ನಿಲ್ಲಿಸಿ ನಮ್ಮ ಮನಸ್ಸು ಗೆದ್ದರೆ ಇಲ್ಲೇ ಇರಬಹುದು ಎನ್ನುತ್ತಾರೆ ಊರಿನವರು. ಇದು ಮಿನರಲ್ ಟೌನ್ ಎಂಬ ಊರಿನ ಕಥೆ. 2003ರಲ್ಲಿ ಅದೇ ಊರನ್ನು ಗೇಮ್ ಬಾಯ್ ಅಡ್ವಾನ್ಸ್‌ಗೆ ‘ಫ್ರೆಂಡ್ಸ್ ಆಫ್ ಮಿನರಲ್ ಟೌನ್’ ಎಂದು ಮತ್ತೆ ಕಟ್ಟಿದರು. 2019ರಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಹೊಸ ರೂಪದಲ್ಲಿ ಬಂತು. ಆಮೇಲೆ ಪಿಸಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್‌ಗೂ ಬಂತು. ಇವತ್ತು ಶುರು ಮಾಡುವವರಿಗೆ ನನ್ನ ಮೊದಲ ಆಯ್ಕೆ ಈ ಹೊಸ ರೂಪ.

ಕಾರಣ ಇದರ ದಿನಚರಿ. ಊರಿನ ಪ್ರತಿಯೊಬ್ಬರಿಗೂ ಒಂದು ವೇಳಾಪಟ್ಟಿ ಇದೆ. ಅಂಗಡಿಗೆ ವಾರದ ರಜೆ ಇದೆ. ಸಂಜೆ 5ಕ್ಕೆ ಝ್ಯಾಕ್ ಎಂಬಾತ ಬಂದು, ಮಾರಲೆಂದು ನೀವು ಪೆಟ್ಟಿಗೆಯಲ್ಲಿಟ್ಟ ಮಾಲನ್ನು ಒಯ್ಯುತ್ತಾನೆ. ಕಾಯ್ ಎಂಬ ಹುಡುಗ ಬೇಸಿಗೆಯಲ್ಲಿ ಮಾತ್ರ ಊರಿಗೆ ಬರುತ್ತಾನೆ, ಶರತ್ಕಾಲ ಬಂದರೆ ಹೊರಟುಹೋಗುತ್ತಾನೆ. ಒಂದು ಋತು ಅಂದರೆ 30 ದಿನ. ಎರಡನೆಯ ವಾರಕ್ಕೇ ಯಾರು ಎಲ್ಲಿ ಸಿಗುತ್ತಾರೆ ಅನ್ನುವುದು ನಿಮಗೆ ಬಾಯಿಪಾಠ ಆಗಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹವಾಮಾನ ನೋಡಿ ಇವತ್ತು ಏನು ಮಾಡಬೇಕು ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಆಟದ ರುಚಿ ಇರುವುದು ಈ ಲೆಕ್ಕಾಚಾರದಲ್ಲಿ.

ಹಳೆಯ ಆಟಗಳಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇತ್ತು. ಒಂದು ಚೀಲ ಬೀಜ ಎರಚಿದರೆ ಒಂಬತ್ತು ಮಡಿಗೆ ಬೀಳುತ್ತದೆ, ಮೂರು ಅಡ್ಡ, ಮೂರು ಉದ್ದ. ಗಿಡ ಮೇಲೆದ್ದ ಮೇಲೆ ಅದರ ನಡುವೆ ಕಾಲಿಡುವ ಹಾಗಿಲ್ಲ. ಮಧ್ಯದ ಗಿಡಕ್ಕೆ ನೀರು ಹಾಕುವುದು ಹೇಗೆ? ಹಾಗಾಗಿ ಅನುಭವಸ್ಥರು ಒಂದು ಬದಿಯಲ್ಲಿ ದಾರಿ ಬಿಟ್ಟು ಎಂಟೇ ಮಡಿ ಅಗೆಯುತ್ತಿದ್ದರು. ಒಂದು ಬೀಜ ಹಾಳಾಗುತ್ತದೆ, ಆದರೆ ಉಳಿದದ್ದಕ್ಕೆಲ್ಲ ಕೈ ಎಟುಕುತ್ತದೆ. ಕ್ಯಾನ್ ದೊಡ್ಡದು ಮಾಡಿಸಿಕೊಂಡರೆ ದೂರದಿಂದಲೇ ನೀರು ಹಾಕಬಹುದು, ಆಗ ಒಂಬತ್ತನ್ನೂ ಬಿತ್ತಬಹುದು. ಬೀಜಕ್ಕೆ ದುಡ್ಡಾ, ಸಲಕರಣೆಗೆ ದುಡ್ಡಾ, ಹೊಸ ಹಸುವಿಗೆ ದುಡ್ಡಾ? ಮೊದಲ ವರ್ಷ ಪೂರ್ತಿ ಈ ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

‘ಬ್ಯಾಕ್ ಟು ನೇಚರ್’ ಮತ್ತು ಹೊಸ ರೂಪದ ನಡುವೆ ಆರಿಸಬೇಕಾದವರು ಒಂದು ವಿಷಯ ತಿಳಿದಿರಬೇಕು. ಹಳೆಯದರಲ್ಲಿ ಕಟ್ಟಡದೊಳಗೆ ಹೋದರೆ ಸಮಯ ನಿಲ್ಲುತ್ತದೆ. ಕೊಟ್ಟಿಗೆಯಲ್ಲಿ ನಿಧಾನವಾಗಿ ಒಂದೊಂದೇ ಹಸುವಿಗೆ ಬ್ರಷ್ ಮಾಡಬಹುದು, ಹಾಲು ಕರೆಯಬಹುದು. ಅದೇ ಮದುವೆ ವಿಷಯದಲ್ಲಿ ಹಳೆಯದು ಕಟ್ಟುನಿಟ್ಟು. ನೀವು ತಡ ಮಾಡಿದರೆ ನೀವು ಮೆಚ್ಚಿದ ಹುಡುಗಿಯನ್ನು ಊರಿನ ಇನ್ನೊಬ್ಬ ಹುಡುಗ ಮದುವೆ ಆಗಿಬಿಡುತ್ತಾನೆ. ಹೊಸ ರೂಪದಲ್ಲಿ ಗಂಡಾಗಿಯೂ ಹೆಣ್ಣಾಗಿಯೂ ಆಡಬಹುದು, ಯಾರನ್ನು ಬೇಕಾದರೂ ಮದುವೆ ಆಗಬಹುದು. ಸ್ಟ್ರಾಬೆರಿ ಹಾಲು ಕೊಡುವ ಹಸು, ಕಾಫಿ ಹಾಲು ಕೊಡುವ ಹಸು ಕೂಡ ಇವೆ. ಮಕ್ಕಳಿಗಂತೂ ಅದು ಬಹಳ ಇಷ್ಟವಾಗುತ್ತದೆ. ಕಟ್ಟುನಿಟ್ಟು ಬೇಕಾದವರಿಗೆ ಹಳೆಯದು. ಉಳಿದ ಎಲ್ಲರಿಗೂ ಹೊಸದು.

ಎ ವಂಡರ್‌ಫುಲ್ ಲೈಫ್: ವಯಸ್ಸಾಗುವ ಆಟ

ಸರಣಿಯಲ್ಲಿ ಬೇರೆ ಯಾವುದಕ್ಕೂ ಹೋಲದ ಆಟ ಇದು. ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ 2003ರಲ್ಲಿ ಬಂತು, 2023ರಲ್ಲಿ ಹೊಸ ರೂಪ ಪಡೆಯಿತು. ಹೊಸದು ಸ್ವಿಚ್, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿ ಎಲ್ಲದರಲ್ಲೂ ಸಿಗುತ್ತದೆ.

ಬೇರೆ ಆಟಗಳಲ್ಲಿ ಹತ್ತು ವರ್ಷ ಆಡಿದರೂ ಅಂಗಡಿಯವನ ಮಗಳು ಹಾಗೇ ಪುಟ್ಟ ಹುಡುಗಿಯಾಗಿ ಇರುತ್ತಾಳೆ. ಇಲ್ಲಿ ಹಾಗಲ್ಲ. ಆಟ ಅಧ್ಯಾಯಗಳಾಗಿ ಸಾಗುತ್ತದೆ. ಒಂದು ಋತು ಅಂದರೆ ಹತ್ತೇ ದಿನ, ವರ್ಷಕ್ಕೆ ನಲವತ್ತು. ಮೊದಲ ವರ್ಷ ಮುಗಿಯುವುದರೊಳಗೆ ಮದುವೆ ಆಗಬೇಕು. ಮಗು ಹುಟ್ಟುತ್ತದೆ, ನಡೆಯಲು ಕಲಿಯುತ್ತದೆ, ಶಾಲೆ ವಯಸ್ಸಿಗೆ ಬರುತ್ತದೆ, ಎದುರು ಮಾತಾಡುವ ವಯಸ್ಸಿಗೂ ಬರುತ್ತದೆ. ಊರಿನವರ ತಲೆ ನರೆಯುತ್ತದೆ. ಕೆಲವರು ತೀರಿಕೊಳ್ಳುತ್ತಾರೆ. ಕೊನೆಗೆ ನಿಮ್ಮ ಪಾತ್ರದ ಬದುಕೂ ಮುಗಿಯುತ್ತದೆ. ಇದನ್ನು ಮುಂಚೆಯೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಕೆಲವರಿಗೆ ಇದು ತುಂಬ ಭಾರ ಅನ್ನಿಸುತ್ತದೆ. ಸಂಜೆ ಸುಮ್ನೆ ಹಗುರ ಆಗಲು ಆಟ ಹುಡುಕುತ್ತಿದ್ದರೆ ಇದನ್ನು ಬಿಟ್ಟುಬಿಡಿ.

ನಿಮ್ಮ ಮಗು ಮುಂದೆ ಏನಾಗುತ್ತದೆ ಎಂಬುದಕ್ಕೂ ನೀವೇ ಕಾರಣ. ಯಾವ ಆಟಿಕೆ ಕೊಟ್ಟಿರಿ, ಯಾರ ಮನೆಗೆ ಕರೆದುಕೊಂಡು ಹೋದಿರಿ, ಏನು ತೋರಿಸಿದಿರಿ ಎಂಬುದರ ಮೇಲೆ ಅದು ರೈತ, ಸಂಗೀತಗಾರ, ಕಲಾವಿದ ಹೀಗೆ ಏನೋ ಒಂದು ಆಗುತ್ತದೆ. ಅಪ್ಪ ಅಮ್ಮ ಹೊಲ ಕಟ್ಟಿದರು ಎಂದ ಮಾತ್ರಕ್ಕೆ ಮಗುವಿಗೆ ಹೊಲದ ಮೇಲೆ ಆಸೆ ಬರಬೇಕು ಅಂತೇನಿಲ್ಲ. ಈ ಆಟ ಅದನ್ನು ಬಹಳ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತದೆ.

ದನ ಸಾಕುವುದನ್ನು ಬಲ್ಲವರು ಇಲ್ಲಿನ ಹಸುವನ್ನು ನೋಡಿ ಖುಷಿ ಪಡುತ್ತಾರೆ. ಇತರ ಆಟಗಳಲ್ಲಿ ಹಸು ಅಂದರೆ ದಿನಾ ಹಾಲು ಕೊಡುವ ನಲ್ಲಿ. ಇಲ್ಲಿ ಕೆಲವು ಕಾಲ ಕರೆದ ಮೇಲೆ ಹಾಲು ಬತ್ತುತ್ತದೆ. ಮತ್ತೆ ಗಬ್ಬ ಆಗಬೇಕು, ಕರು ಹಾಕಬೇಕು, ಆಮೇಲೆ ಹಾಲು. ಕರು ಗಂಡೂ ಆಗಬಹುದು. ಎಲ್ಲ ಹಸುಗಳೂ ಒಟ್ಟಿಗೆ ಬತ್ತಿದರೆ ಕೈಗೆ ದುಡ್ಡು ಬರುವುದು ನಿಂತುಹೋಗುತ್ತದೆ. ಹಾಗಾಗದಂತೆ ಒಂದಾದ ಮೇಲೆ ಒಂದು ಕರು ಹಾಕುವ ಹಾಗೆ ನೋಡಿಕೊಳ್ಳಬೇಕು. ಶುರುವಿನಲ್ಲಿ ಬೆಳೆಗಿಂತ ಹಾಲಿನಿಂದಲೇ ಸಂಪಾದನೆ ಜಾಸ್ತಿ. ಹೈನುಗಾರಿಕೆ ಮಾಡುವ ಮನೆಯವರಿಗೆ ಇದರಲ್ಲಿ ವಿವರಿಸಿ ಹೇಳಬೇಕಾದದ್ದು ಏನೂ ಇಲ್ಲ.

ಬೆಳೆಯ ವಿಷಯದಲ್ಲಿ ಇನ್ನೊಂದು ವಿಶೇಷ ಇದೆ. ಎರಡನೆಯ ವರ್ಷದಲ್ಲಿ ಟಾರ್ಟನ್ ಎಂಬ ಮಾತಾಡುವ ಗಿಡ ನಿಮ್ಮ ಮನೆ ಸೇರುತ್ತದೆ. ಅದಕ್ಕೆ ಎರಡು ತಲೆ. ಎರಡು ಬೆಳೆ ಕೊಟ್ಟರೆ ಬೆರೆಸಿ ಹೊಸ ತಳಿಯ ಬೀಜ ಕೊಡುತ್ತದೆ. ಇಷ್ಟು ಗಂಭೀರವಾದ ಆಟದಲ್ಲಿ ಇಂಥದ್ದೊಂದು ತರಲೆ ಗಿಡ ಇರುವುದು ನನಗೆ ಬಹಳ ಇಷ್ಟ.

ಒಂದು ಎಚ್ಚರಿಕೆ. ಊರು ಚಿಕ್ಕದು, ಕೆಲಸವೂ ಮಿತ. ದಿನ ನಿಧಾನವಾಗಿ ಸಾಗುತ್ತದೆ. ಎಲ್ಲ ಕೆಲಸ ಮುಗಿದ ಮೇಲೂ ಹಗಲು ಉಳಿದಿರುತ್ತದೆ. ಆಗ ಕಡಲ ದಡದಲ್ಲಿ ನಡೆದು ಯಾರನ್ನಾದರೂ ಮಾತಾಡಿಸುವ ಮನಸ್ಸಿದ್ದರೆ ಈ ಆಟ ನಿಮ್ಮದು. ‘ಮುಂದೇನು, ಮುಂದೇನು’ ಎನ್ನುವ ಚಡಪಡಿಕೆ ಇದ್ದರೆ ಅಲ್ಲ. ನನ್ನನ್ನು ಕೇಳಿದರೆ ಸರಣಿಯಲ್ಲಿ ಅತಿ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವ ಆಟ ಇದೇ. ಆದರೆ ಎರಡನೆಯದಾಗಿ ಆಡಿ, ಮೊದಲನೆಯದಾಗಿ ಬೇಡ.

ಆಲಿವ್ ಟೌನ್ ಅಥವಾ ಗ್ರ್ಯಾಂಡ್ ಬಜಾರ್

2021ರ ‘ಪಯೊನೀರ್ಸ್ ಆಫ್ ಆಲಿವ್ ಟೌನ್’ ಸರಣಿಗೆ 25 ವರ್ಷ ತುಂಬುವ ಹೊತ್ತಿಗೆ ಬಂದದ್ದು. ಇಲ್ಲಿ ನಿಮಗೆ ಸಿಗುವುದು ಹೊಲವಲ್ಲ, ಕಾಡು. ಮರ ಕಡಿಯಬೇಕು, ಕಲ್ಲು ಒಡೆಯಬೇಕು, ನಿಂತ ನೀರು ಖಾಲಿ ಮಾಡಬೇಕು. ಮುರಿದ ಸೇತುವೆ ಸರಿಮಾಡಿದರೆ ಇನ್ನೊಂದು ಭಾಗದ ಭೂಮಿ ತೆರೆದುಕೊಳ್ಳುತ್ತದೆ. ಕಾಡುಪ್ರಾಣಿಗಳನ್ನು ಪಳಗಿಸಿ ಮನೆಗೆ ತರಬಹುದು. ಮರದಿಂದ ಹಲಗೆ, ಅದಿರಿನಿಂದ ಲೋಹದ ಗಟ್ಟಿ, ಹಾಲಿನಿಂದ ಚೀಸ್ ಮಾಡಲು ಬೇರೆ ಬೇರೆ ಯಂತ್ರ ಇಡಬೇಕು.

ಒಂದೇ ಸಮನೆ ಕೈಗೆ ಕೆಲಸ ಬೇಕು ಅನ್ನುವವರಿಗೆ ಇದು ಬಹಳ ಚೆನ್ನ. ಸ್ವಚ್ಛ ಮಾಡಿದ ಜಾಗದಲ್ಲಿ ಮತ್ತೆ ಗಿಡ ಮೊಳೆಯುತ್ತಲೇ ಇರುತ್ತದೆ, ಯಂತ್ರಗಳು ಹೊಲದ ತುಂಬ ಹರಡಿಕೊಳ್ಳುತ್ತವೆ. ಆದರೆ ದಿನದ ಬಹುಪಾಲು ಯಂತ್ರಗಳ ಸುತ್ತ ಓಡಾಟದಲ್ಲೇ ಹೋಗುತ್ತದೆ. ಊರಿಗೆ ಹೋಗಿ ಜನರನ್ನು ಮಾತಾಡಿಸಲು ಪುರುಸೊತ್ತು ಸಿಗುವುದಿಲ್ಲ. ಬಿಡುಗಡೆಯಾದಾಗ ಆಟ ನಿಧಾನ, ಲೋಡ್ ಆಗಲು ಕಾಯಬೇಕು ಎಂಬ ದೂರು ಜೋರಾಗಿ ಕೇಳಿಬಂತು. ಮುಂದಿನ ಅಪ್‌ಡೇಟ್‌ಗಳಲ್ಲಿ ಸುಧಾರಿಸಿದರು. ಪಿಸಿಯಲ್ಲಿ ಆಡುವುದು ಮೇಲು.

‘ಗ್ರ್ಯಾಂಡ್ ಬಜಾರ್’ 2008ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಡಿಎಸ್‌ಗೆ ಬಂದ ಆಟ. 2025ರ ಆಗಸ್ಟ್‌ನಲ್ಲಿ ಸ್ವಿಚ್, ಸ್ವಿಚ್ 2, ಪಿಸಿಗೆ ಹೊಸ ರೂಪದಲ್ಲಿ ಬಂತು. ಝೆಫಿರ್ ಟೌನ್ ಅನ್ನುವುದು ಗಾಳಿ ಬೀಸುವ ಊರು. ಒಂದು ಕಾಲದಲ್ಲಿ ಅಲ್ಲಿನ ಸಂತೆ ದೂರದೂರಿಗೆ ಹೆಸರಾಗಿತ್ತು, ಈಗ ಸೊರಗಿದೆ. ಆ ಸಂತೆಯನ್ನು ಮತ್ತೆ ಎಬ್ಬಿಸುವುದು ನಿಮ್ಮ ಕೆಲಸ.

ಇಲ್ಲಿ ಬದಲಾಗುವುದು ವಾರದ ಲಯ. ಮಿನರಲ್ ಟೌನ್‌ನಲ್ಲಿ ದಿನಾ ಸಂಜೆ ದುಡ್ಡು ಎಣಿಸುತ್ತೀರಿ. ಇಲ್ಲಿ ಬೆಳೆದದ್ದನ್ನೆಲ್ಲ ಕೂಡಿಟ್ಟು ಶನಿವಾರ ಸಂತೆಗೆ ಒಯ್ಯಬೇಕು. ಮಳಿಗೆ ಹಾಕಿ, ಮಾಲು ಜೋಡಿಸಿ, ಗಂಟೆ ಬಾರಿಸಿ ಗಿರಾಕಿ ಕರೆಯಬೇಕು. ಗಾಳಿಯಂತ್ರಗಳಲ್ಲಿ ಹಾಲನ್ನು ಚೀಸ್ ಮಾಡಿ ಮಾರಿದರೆ ಬೆಲೆ ಜಾಸ್ತಿ. ಹಾಗಾಗಿ ಸೋಮವಾರದಿಂದಲೇ ಶನಿವಾರದ ಯೋಚನೆ. ಬಿತ್ತುವುದನ್ನೂ ಅದಕ್ಕೆ ಹೊಂದಿಸುತ್ತೀರಿ, ಯಾವ ಬೆಳೆ ಶುಕ್ರವಾರಕ್ಕೆ ಕೊಯ್ಲಿಗೆ ಬರುತ್ತದೆ ಅಂತ. ರೈತನಿಗೆ ಬೆಳೆಯುವುದರಷ್ಟೇ ಮಾರುವುದೂ ಕಷ್ಟ ಎಂಬುದನ್ನು ಇಷ್ಟು ನೇರವಾಗಿ ಆಟ ಮಾಡಿದ್ದು ಸರಣಿಯಲ್ಲಿ ಇದೇ. ಎರಡರಲ್ಲಿ ಒಂದನ್ನು ಕೇಳಿದರೆ ನಾನು ಅನುಮಾನವಿಲ್ಲದೆ ಗ್ರ್ಯಾಂಡ್ ಬಜಾರ್ ಅನ್ನುತ್ತೇನೆ. ಆಲಿವ್ ಟೌನ್ ಏನಿದ್ದರೂ ಕಟ್ಟುವ ಹುಚ್ಚು ಇರುವವರಿಗೆ.

3ಡಿಎಸ್ ಯಂತ್ರಕ್ಕೆ ಬಂದ ‘ಟ್ರಿಯೊ ಆಫ್ ಟೌನ್ಸ್’ ಬಗ್ಗೆ ಒಂದು ಮಾತು. 2016ರಲ್ಲಿ ಜಪಾನಿನಲ್ಲಿ, 2017ರಲ್ಲಿ ಅಮೆರಿಕದಲ್ಲಿ ಬಂದ ಇದರಲ್ಲಿ ನಿಮ್ಮ ಹೊಲ ಮೂರು ಊರುಗಳ ಮಧ್ಯೆ ಇರುತ್ತದೆ. ಒಂದು ಕೌಬಾಯ್ ಊರು, ಒಂದು ಕಡಲತೀರದ ಊರು, ಒಂದು ಹಳೆಯ ಜಪಾನಿನ ಊರು. ಊರಿನ ಜನರ ಮಾತು, ಸ್ನೇಹ, ಪ್ರೀತಿ ಇಷ್ಟು ಚೆನ್ನಾಗಿ ಬಂದಿರುವ ಆಟ ಸರಣಿಯಲ್ಲಿ ಇನ್ನೊಂದಿಲ್ಲ. ದುಃಖದ ಸಂಗತಿ ಅಂದರೆ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಯಂತ್ರವೂ ಕಾರ್ಟ್ರಿಜ್ಜೂ ಈಗಾಗಲೇ ಇದ್ದವರು ಆಡಿ. ಉಳಿದವರು ಹೊಸ ರೂಪ ಬರಲಿ ಎಂದು ಆಶಿಸೋಣ.

ಹೊಲದ ಜೊತೆ ಕತ್ತಿಯೂ ಬೇಕಾ?

2006ರಲ್ಲಿ ಈ ಸರಣಿಯಿಂದ ಒಂದು ಕವಲು ಒಡೆಯಿತು, ‘ರೂನ್ ಫ್ಯಾಕ್ಟರಿ’. ವಾಡಾ ಬೇಡವೆಂದು ಬಿಟ್ಟಿದ್ದ ಹೊಡೆದಾಟ ಇಲ್ಲಿ ವಾಪಸ್ ಬಂತು. ಬೆಳಿಗ್ಗೆ ಹೊಲ, ಮಧ್ಯಾಹ್ನ ಗುಹೆ. ರಾಕ್ಷಸರನ್ನು ಹೊಡೆಯುವ ಬದಲು ಪಳಗಿಸಿದರೆ ಅವು ನಿಮ್ಮ ಕೊಟ್ಟಿಗೆ ಸೇರುತ್ತವೆ. ಹಾಲು ಕೊಡುವಂಥವೂ ಇವೆ, ಹೊಲಕ್ಕೆ ನೀರು ಹಾಕಿಕೊಡುವಂಥವೂ ಇವೆ.

ಇದನ್ನು ಕಟ್ಟಿದ ನೆವರ್‌ಲ್ಯಾಂಡ್ ಸಂಸ್ಥೆ ನಾಲ್ಕನೆಯ ಆಟ ಬಂದ ಮೇಲೆ, 2013ರ ಕೊನೆಗೆ ದಿವಾಳಿಯಾಯಿತು. ಅಷ್ಟು ಒಳ್ಳೆಯ ಆಟ ಕೊಟ್ಟವರಿಗೆ ಹೀಗಾದದ್ದು ನಿಜಕ್ಕೂ ನೋವಿನ ಸಂಗತಿ. ಆ ನಾಲ್ಕನೆಯ ಆಟ ‘ರೂನ್ ಫ್ಯಾಕ್ಟರಿ 4 ಸ್ಪೆಷಲ್’ ಎಂದು 2019ರಲ್ಲಿ ಸ್ವಿಚ್‌ಗೆ ಮತ್ತೆ ಬಂತು, ಈಗ ಪಿಸಿಯಲ್ಲೂ ಸಿಗುತ್ತದೆ. ಈ ಕವಲಿನಲ್ಲಿ ಮೊದಲು ಆಡಬೇಕಾದದ್ದು ಇದೇ. ಇಲ್ಲಿ ಒಂದು ದಿನವೂ ಖಾಲಿ ಅನ್ನಿಸುವುದಿಲ್ಲ. ಯಾವುದೋ ಅಡುಗೆ ಕಲಿಯುವುದು, ಕತ್ತಿ ಮಾಡುವುದು, ಕಥೆಯ ಮುಂದಿನ ತಿರುವು, ಏನಾದರೂ ಒಂದು ಎಳೆಯುತ್ತಲೇ ಇರುತ್ತದೆ. 2025ರ ‘ಗಾರ್ಡಿಯನ್ಸ್ ಆಫ್ ಅಝುಮಾ’ ಹಳೆಯ ಜಪಾನಿನ ಹಾಗಿರುವ ನಾಡಿನಲ್ಲಿ ನಡೆಯುತ್ತದೆ, ಅದರಲ್ಲಿ ಊರುಗಳನ್ನೇ ಕಟ್ಟುತ್ತೀರಿ. ನೋಡಲು ಚೆಂದ. ಆದರೆ ಹೊಲದ ಕೆಲಸ ಹಿಂದಕ್ಕೆ ಸರಿದಿದೆ. ಕೃಷಿಗೆಂದೇ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು.

ಪಕ್ಕದ ಹೊಲಗಳು

‘ಸ್ಟಾರ್‌ಡ್ಯೂ ವ್ಯಾಲಿ’ಯ ಹೆಸರು ಎತ್ತದೆ ಈ ಮಾತು ಮುಗಿಯುವುದಿಲ್ಲ, ಅಲ್ವಾ? ಅಮೆರಿಕದ ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿದ ಆಟ. ಚಿತ್ರ, ಸಂಗೀತ, ಕೋಡ್ ಎಲ್ಲವೂ ಅವರದೇ. 2016ರ ಫೆಬ್ರವರಿಯಲ್ಲಿ ಬಂತು. 2024ರ ಕೊನೆಯ ಹೊತ್ತಿಗೆ 4.1 ಕೋಟಿ ಪ್ರತಿ ಮಾರಾಟವಾಗಿತ್ತು. ಹಾರ್ವೆಸ್ಟ್ ಮೂನ್ ತಮಗೆ ಸ್ಫೂರ್ತಿ ಎಂದು ಬರೋನ್ ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಕಡಿಮೆ ಖರ್ಚಿನಲ್ಲಿ, ಮೊಬೈಲ್‌ನಲ್ಲೂ ಆಡಬಹುದಾದದ್ದು ಬೇಕಾದರೆ ಇದೇ ಸರಿ. ಇದರ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ರಾತ್ರಿ 2 ಗಂಟೆಯೊಳಗೆ ಮಲಗದಿದ್ದರೆ ಕುಸಿದು ಬೀಳುತ್ತೀರಿ. ಗಡಿಯಾರದ ಒತ್ತಡ ಮಿನರಲ್ ಟೌನ್‌ಗಿಂತ ಜಾಸ್ತಿ. ಗುರಿಗಳೂ ಜಾಸ್ತಿ. ಗುರಿ ಇದ್ದರೆ ಆಡುವ ಹುರುಪು ಬರುವವರು ಇಲ್ಲಿಂದ ಶುರು ಮಾಡಿದರೂ ತಪ್ಪಿಲ್ಲ.

ಟ್ರ್ಯಾಕ್ಟರ್ ಓಡಿಸುವ ಆಸೆಯಾದರೆ ದಾರಿ ಬೇರೆ. ಸ್ವಿಟ್ಜರ್ಲೆಂಡಿನ ಜಯಂಟ್ಸ್ ಸಂಸ್ಥೆಯ ‘ಫಾರ್ಮಿಂಗ್ ಸಿಮ್ಯುಲೇಟರ್’ 2008ರಿಂದ ಬರುತ್ತಿದೆ. ಅದರಲ್ಲಿ ಮದುವೆಯೂ ಇಲ್ಲ, ಊರ ಹಬ್ಬವೂ ಇಲ್ಲ. ನಿಜವಾದ ಕಂಪನಿಗಳ ಯಂತ್ರಗಳು, ಉಳುಮೆ, ಕೊಯ್ಲು, ಸಾಲ, ಲಾಭ. 2024ರ ನವೆಂಬರ್‌ನಲ್ಲಿ ಬಂದ ಆವೃತ್ತಿಯಲ್ಲಿ ಭತ್ತದ ಗದ್ದೆ ಮತ್ತು ಎಮ್ಮೆಗಳು ಸೇರಿವೆ. ಹಿಂದಿನ ಆವೃತ್ತಿಗಳು ಯುರೋಪ್, ಅಮೆರಿಕದ ಬಯಲುಗಳ ಸುತ್ತಲೇ ಇದ್ದವು. ಈಗ ನಮ್ಮ ಕಡೆಯವರಿಗೂ ಒಂದಿಷ್ಟು ಪರಿಚಯದ ನೆಲ ಕಾಣುತ್ತದೆ.

ಭತ್ತವೇ ಮುಖ್ಯ ಅನ್ನುವವರು 2020ರ ‘ಸಕುನಾ: ಆಫ್ ರೈಸ್ ಅಂಡ್ ರೂಯಿನ್’ ನೋಡಿ. ಸಸಿ ನಾಟಿ ಎಷ್ಟು ಹತ್ತಿರ ಇರಬೇಕು, ಗದ್ದೆಯಲ್ಲಿ ನೀರು ಎಷ್ಟು ನಿಲ್ಲಬೇಕು, ಯಾವಾಗ ಬಸಿಯಬೇಕು ಎಂಬುದೆಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಜಪಾನಿನ ಆಟಗಾರರು ಸಲಹೆಗಾಗಿ ತಮ್ಮ ಸರ್ಕಾರದ ಕೃಷಿ ಸಚಿವಾಲಯದ ಜಾಲತಾಣ ಓದತೊಡಗಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಅರ್ಧ ಆಟ ಹೊಡೆದಾಟ. ಆದರೆ ಆ ಗದ್ದೆಗೋಸ್ಕರ ಅದನ್ನು ಸಹಿಸಿಕೊಳ್ಳಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ದಾರಿ ಇದೆ. ಟಿವಿಯಲ್ಲಿ ಡೋರೆಮಾನ್ ನೋಡಿ ಬೆಳೆದ ಮಕ್ಕಳಿಗಾಗಿ ‘ಡೋರೆಮಾನ್ ಸ್ಟೋರಿ ಆಫ್ ಸೀಸನ್ಸ್’ 2019ರಲ್ಲಿ ಬಂದಿದೆ, ನೋಬಿತಾನೇ ರೈತ. ಚಿತ್ರಗಳು ಜಲವರ್ಣದ ಹಾಗೆ ಮೆದು. ಆದರೆ ಶುರುವಿನ ಮಾತುಕತೆ ಬಹಳ ಉದ್ದ. ಈ ಯಾವ ಆಟವೂ ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಓದಲು ಇನ್ನೂ ಕಷ್ಟಪಡುವ ಮಕ್ಕಳಾದರೆ ಪಕ್ಕದಲ್ಲಿ ಕೂತು ಓದಿ ಹೇಳಬೇಕು.

ಯಂತ್ರದ ವಿಷಯ ಚಿಕ್ಕದು. ಸಾಧಾರಣ ಕಂಪ್ಯೂಟರ್ ಇದ್ದರೆ ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ಮಿನರಲ್ ಟೌನ್, ವಂಡರ್‌ಫುಲ್ ಲೈಫ್, ಆಲಿವ್ ಟೌನ್, ಗ್ರ್ಯಾಂಡ್ ಬಜಾರ್, ರೂನ್ ಫ್ಯಾಕ್ಟರಿ 4 ಎಲ್ಲವೂ ಸಿಗುತ್ತವೆ. ರಿಯಾಯಿತಿ ದಿನಗಳಿಗೆ ಕಾಯಿರಿ. ಕೀಬೋರ್ಡಿಗಿಂತ ಒಂದು ಕಂಟ್ರೋಲರ್ ಇದ್ದರೆ ಆಡಲು ಹಾಯಾಗಿರುತ್ತದೆ. ಸ್ವಿಚ್ ಈಗಾಗಲೇ ಮನೆಯಲ್ಲಿದ್ದರೆ ಅದರಲ್ಲೇ ಆಡಿ, ಮಲಗುವ ಮುಂಚೆ ಒಂದೆರಡು ದಿನದ ಬೇಸಾಯ ಮಾಡಲು ಕೈಯಲ್ಲಿ ಹಿಡಿಯುವ ಯಂತ್ರವೇ ಚೆನ್ನ.

ಮಿನರಲ್ ಟೌನ್ ತೆಗೆದುಕೊಂಡಿರಿ ಅಂದುಕೊಳ್ಳೋಣ. ಮೊದಲ ವಸಂತದಲ್ಲಿ ಇಡೀ ಹೊಲ ಸ್ವಚ್ಛ ಮಾಡಲು ಹೋಗಬೇಡಿ, ಮೈಯ ಶಕ್ತಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ನಾಲ್ಕು ಚೀಲ ಬೀಜಕ್ಕೆ ಸಾಕಾಗುವಷ್ಟು ಜಾಗ ಮಾಡಿಕೊಳ್ಳಿ. ಬೇಗ ಬರುವ ಟರ್ನಿಪ್ ಹಾಕಿ, ಅದರ ದುಡ್ಡಿನಲ್ಲಿ ಮತ್ತೆ ಮತ್ತೆ ಕಾಯಿ ಬಿಡುವ ಸೌತೆಕಾಯಿ ಹಾಕಿ. ಮೊದಲು ಕೋಳಿ ತನ್ನಿ, ಆಮೇಲೆ ಹಸು. ಋತು ಬದಲಾಗುವ ಹಿಂದಿನ ವಾರ ಹೊಸ ಬೀಜ ಬಿತ್ತಬೇಡಿ, 30ನೆಯ ದಿನ ಕಳೆದರೆ ಆ ಋತುವಿನ ಬೆಳೆ ಒಣಗಿಹೋಗುತ್ತದೆ. ಮಳೆ ಬಂದ ದಿನ ನೀರು ಹಾಕುವ ಕೆಲಸ ಇರುವುದಿಲ್ಲ. ಆ ದಿನ ಗಣಿಗೆ ಇಳಿದು ಸಲಕರಣೆಗೆ ಬೇಕಾದ ಅದಿರು ತನ್ನಿ, ಬರುವಾಗ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿಕೊಂಡು ಬನ್ನಿ.